ಪತ್ರ ಕೈಗೆ ಬಂದ ಮೇಲೆಯೇ ರಾಜೀನಾಮೆ

ಮೊದಲ ಸಲ ನಾನು ಒಂದು ಫೋನ್ ಮಾತು ನಂಬಿ ಕೆಲಸ ಬಿಟ್ಟಿದ್ದೆ. "ಸೆಲೆಕ್ಟ್ ಆಗಿದ್ದೀರಿ, ಸೋಮವಾರ ಲೆಟರ್ ಬರುತ್ತೆ" ಅಂದಿದ್ದರು. ಶನಿವಾರವೇ ರಾಜೀನಾಮೆ ಕೊಟ್ಟೆ. ಮೂರು ವಾರ ಕಾಯಿಸಿ, ಆ ಹುದ್ದೆಯೇ ಬೇಡವಾಯಿತು ಎಂದರು. ಕಲಬುರಗಿಯ ಬ್ರಹ್ಮಪುರದ ಬಾಡಿಗೆ ಮನೆಯಲ್ಲಿ ಎರಡು ತಿಂಗಳು ಸಂಬಳವಿಲ್ಲದೆ ಕಳೆದೆವು. "ಕಾಗದ ಕೈಯಾಗ ಬರೋಕ್ಕಿಂತ ಮೊದ್ಲೇ ಬಿಡ್ತಾರೇನ್ರಿ?" ಎಂದು ಹೆಂಡತಿ ಕೇಳಿದ್ದು ಇನ್ನೂ ನೆನಪಿದೆ.

ಆಮೇಲೆ ಕಲಬುರಗಿಯಲ್ಲೇ ಒಂದು ತೊಗರಿಬೇಳೆ ಮಿಲ್ಲಿನಲ್ಲಿ ಲೆಕ್ಕ ನೋಡುವ ಕೆಲಸ ಸಿಕ್ಕಿತು. ಹೈದರಾಬಾದಿನಿಂದ ಆಫರ್ ಬಂದಾಗ ನಾನು ಅವಸರ ಮಾಡಲಿಲ್ಲ. ಕಂಪನಿ ವ್ಯವಹಾರ ಸಚಿವಾಲಯದ ಜಾಲತಾಣದಲ್ಲಿ ಆ ಕಂಪನಿಯ ಹೆಸರು ಹಾಕಿ ನೋಂದಣಿ ನೋಡಿದೆ. ಮೇಲ್ ಕಂಪನಿಯದೇ ವಿಳಾಸದಿಂದ ಬಂದಿತ್ತು. ಯಾರೂ ಹಣ ಕೇಳಲಿಲ್ಲ. ಕೇಳಿದ್ದರೆ ಅಲ್ಲಿಗೇ ಬಿಡುತ್ತಿದ್ದೆ.

ಲೆಟರನ್ನು ಪ್ರಿಂಟ್ ತೆಗೆಸಿ, ಪೆನ್ನು ಹಿಡಿದು ಓದಿದೆ. ಮೊದಲ ಪುಟದಲ್ಲಿ ದೊಡ್ಡ ಸಿಟಿಸಿ ಅಂಕಿ, ಅಂದರೆ ನನಗಾಗಿ ಕಂಪನಿ ವರ್ಷಕ್ಕೆ ಮಾಡುವ ಒಟ್ಟು ಖರ್ಚು. ಎರಡನೇ ಪುಟದಲ್ಲಿ ಪಿಎಫ್‌ಗೆ ಕಂಪನಿ ಕಟ್ಟುವ ಪಾಲು, ಗ್ರಾಚ್ಯುಟಿ (ಕೆಲಸ ಬಿಡುವಾಗ ಸೇವೆಯ ವರ್ಷಗಳಿಗೆ ಕೊಡುವ ಹಣ), ವರ್ಷದ ಕೊನೆಗೆ ಬಂದರೆ ಬರುವ ಬೋನಸ್ ಎಲ್ಲ ಅದರಲ್ಲೇ ಸೇರಿತ್ತು. ಪ್ರತಿ ತಿಂಗಳು ಕೈಗೆ ಬರುವುದು ಎಷ್ಟು ಎಂದು ಮೇಲ್‌ನಲ್ಲೇ ಕೇಳಿ ಬರೆಸಿಕೊಂಡೆ.

ಕೊನೆಯ ಪುಟದಲ್ಲಿ ಒಂದು ಸಾಲು: ಹಿನ್ನೆಲೆ ಪರಿಶೀಲನೆ ಸರಿಯಾದರೆ ಮಾತ್ರ ಈ ಆಫರ್ ನಿಲ್ಲುತ್ತದೆ. ಅದಕ್ಕೆ ಪೆನ್ನಲ್ಲಿ ಗೆರೆ ಎಳೆದೆ. "ಮೇಡಂ, ನನ್ನ ಡಿಗ್ರಿ, ಹಳೆಯ ಕೆಲಸಗಳ ಪರಿಶೀಲನೆ ಮೊದಲು ಮುಗಿಸಿ. ಈಗಿನ ಮಿಲ್ಲಿನಲ್ಲಿ ಮಾತ್ರ ನಾನು ರಾಜೀನಾಮೆ ಕೊಟ್ಟ ಮೇಲೆ ವಿಚಾರಿಸಿ" ಎಂದು ಎಚ್‌ಆರ್‌ಗೆ ಬರೆದೆ. ಒಪ್ಪಿದರು. ಹತ್ತು ದಿನ ಹಿಡಿಯಿತು, ಸುಮ್ನೆ ಕಾದೆ.

1872ರ ಕರಾರು ಕಾಯ್ದೆಯ ಪ್ರಕಾರ ನಾವು ಒಪ್ಪಿಗೆ ಕಳಿಸುವ ತನಕ ಅವರು ಆಫರ್ ಹಿಂದೆ ತೆಗೆದುಕೊಳ್ಳಬಹುದು. ಹಾಗಾಗಿ ಪರಿಶೀಲನೆ ಮುಗಿದ ದಿನವೇ ಸಹಿ ಮಾಡಿ ಕಳಿಸಿದೆ, ತಲುಪಿದೆ ಎಂಬ ಉತ್ತರವನ್ನೂ ಪಡೆದೆ. ಒಪ್ಪಿದ ಮೇಲೆ ರದ್ದು ಮಾಡಿದರೆ ಪರಿಹಾರ ಕೇಳಬಹುದು, ಆದರೆ ಕೆಲಸ ಸಿಕ್ಕೇ ಸಿಗುತ್ತದೆ ಎಂದಿಲ್ಲ ಅಲ್ವಾ? ಅದಕ್ಕೇ ಮೂರು ತಿಂಗಳ ಖರ್ಚು ಬ್ಯಾಂಕಿನಲ್ಲಿ ಮುಟ್ಟದೆ ಇಟ್ಟಿದ್ದೆ.

ಇನ್ನೊಂದು ವಿಷಯ. ಮಿಲ್ಲಿನಲ್ಲಿ ಐದು ವರ್ಷ ತುಂಬಲು ಆರು ವಾರ ಬಾಕಿ ಇತ್ತು. ಐದು ತುಂಬಿದರೆ ವರ್ಷಕ್ಕೆ 15 ದಿನದ ಸಂಬಳದಂತೆ ಗ್ರಾಚ್ಯುಟಿ. ಸೇರುವ ದಿನವನ್ನು ಅಷ್ಟು ಮುಂದೆ ಹಾಕಿಸಿಕೊಂಡು, ಹೊಸ ದಿನಾಂಕದ ಲೆಟರ್ ಬಂದ ಮೇಲೆಯೇ ರಾಜೀನಾಮೆ ಕೊಡಲು ಮಿಲ್ಲಿನ ಸಾವ್ಕಾರರ ಮುಂದೆ ನಿಂತೆ.

"ತೊಗರಿ ಸೀಸನ್ ಅದ, ಲೆಕ್ಕ ಪೂರ್ತಿ ಒಪ್ಪಿಸಿ ಹೋಗಪ್ಪ" ಎಂದರು. ಒಪ್ಪಿಸಿದೆ. ಕೊನೆಯ ದಿನ ಸಂಜೆ ರಿಲೀವಿಂಗ್ ಲೆಟರ್‌ಗೆ (ಕೆಲಸದಿಂದ ಬಿಡುಗಡೆ ಮಾಡಿದ ಪತ್ರಕ್ಕೆ) ಅವರ ಸಹಿ, ಸೀಲು ಎರಡೂ ಬಿದ್ದ ಮೇಲೆ ಮನೆಗೆ ಬಂದು ಹೆಂಡತಿಯ ಕೈಗೆ ಕೊಟ್ಟೆ.