ಟರ್ಬೋ ಕಾರಿಗೆ ಘಾಟಿಗಿಂತ ಡೇರಿ ದಾರಿ ಕಷ್ಟ

2019ರ ಕೊನೆಯಲ್ಲಿ ಒಂದು ಲೀಟರ್ ಟರ್ಬೋ ಪೆಟ್ರೋಲ್ ಕಾರು ಮನೆಗೆ ತಂದಾಗ ಅಪ್ಪ ಮೊದಲು ಬಾನೆಟ್ ಎತ್ತಿಸಿದರು. ಮೂರೇ ಸಿಲಿಂಡರ್. "ಹೊಲಿಗೆ ಮಿಷನ್ ಥರ ಇದೆಯಲ್ಲೋ. ನಮ್ಮ ರಸ್ತೆಗೆ ಐದು ವರ್ಷ ಬಂದರೆ ಹೆಚ್ಚು" ಅಂದರು. ಮೊನ್ನೆ ಮೀಟರ್ 1,31,000 ಕಿಲೋಮೀಟರ್ ದಾಟಿತು. ಎಂಜಿನ್ ಇಳಿಸಿಲ್ಲ, ಟರ್ಬೋ ಬದಲಾಯಿಸಿಲ್ಲ. ಹಾಗಂತ ಸುಮ್ನೆ ಪೆಟ್ರೋಲ್ ಹಾಕಿ ಓಡಿಸಿದ್ದೂ ಅಲ್ಲ. ಎರಡು ಸಲ ಸರಿಯಾಗೇ ಗಾಬರಿಯಾಗಿದ್ದೇನೆ. ಆ ಗಾಬರಿಯಲ್ಲಿ ಕಲಿತದ್ದೇ ಜಾಸ್ತಿ.

ನಮ್ಮ ಮನೆ ಆಲ್ದೂರಿನಿಂದ ಒಳಗೆ, ತೋಟದ ಮಧ್ಯೆ. ಹೆಂಡತಿಯ ತವರು ಉಜಿರೆ ಕಡೆ. ಹಾಗಾಗಿ ತಿಂಗಳಿಗೊಮ್ಮೆ ಚಾರ್ಮಾಡಿ ಘಾಟಿ ಇಳಿದು ಹತ್ತಲೇಬೇಕು. ಬೇಲೂರು, ಹಾಸನದ ಮೇಲೆ ಬೆಂಗಳೂರಿಗೂ ಆಗಾಗ ಹೋಗುತ್ತೇನೆ. ಕಾರು ತಗೊಂಡಾಗ ನನಗಿದ್ದ ಭಯ ಘಾಟಿಯದ್ದೇ. ಇಷ್ಟು ಚಿಕ್ಕ ಎಂಜಿನ್ ಆ ಏರಿನಲ್ಲಿ ಎಷ್ಟು ದಿನ ತಡೆದೀತು ಅಂತ. ಆದರೆ ಕಾರಿಗೆ ಪೆಟ್ಟು ಕೊಡುತ್ತಿದ್ದದ್ದು ಘಾಟಿ ಅಲ್ಲ. ದಿನಾ ಬೆಳಿಗ್ಗೆ ಡೇರಿಗೆ ಹಾಲು ಕೊಡಲು ಹೋಗುವ ಎರಡು ಕಿಲೋಮೀಟರ್.

ಅದನ್ನು ಹೇಳುವ ಮುಂಚೆ ಟರ್ಬೋ ಬಗ್ಗೆ ಎರಡು ಮಾತು. ಎಂಜಿನ್‌ನಿಂದ ಹೊರಗೆ ಹೋಗುವ ಬಿಸಿ ಹೊಗೆ ಒಂದು ಪುಟ್ಟ ಚಕ್ರ ತಿರುಗಿಸುತ್ತೆ. ಅದೇ ಶಾಫ್ಟ್‌ನ ಇನ್ನೊಂದು ತುದಿಯ ಚಕ್ರ ಹೊರಗಿನ ಗಾಳಿಯನ್ನು ಒತ್ತಿ ಎಂಜಿನ್‌ಗೆ ತುಂಬುತ್ತೆ. ಗಾಳಿ ಜಾಸ್ತಿ ಆದರೆ ಪೆಟ್ರೋಲ್ ಜಾಸ್ತಿ ಉರಿಸಬಹುದು, ಶಕ್ತಿ ಜಾಸ್ತಿ. ಒಂದು ಲೀಟರ್‌ನಲ್ಲಿ ನೂರಕ್ಕೂ ಹೆಚ್ಚು ಹಾರ್ಸ್‌ಪವರ್ ಬರೋದು ಹೀಗೆ. ಆದರೆ ಆ ಶಾಫ್ಟ್ ನಿಮಿಷಕ್ಕೆ ಎರಡು ಲಕ್ಷ ಸುತ್ತಿನ ಹತ್ತಿರ ತಿರುಗುತ್ತೆ. ಹೊಗೆಯ ಬಿಸಿ 900 ಡಿಗ್ರಿ ಮುಟ್ಟುತ್ತೆ. ಮತ್ತೆ ಹೆಚ್ಚಿನ ಚಿಕ್ಕ ಟರ್ಬೋಗಳಲ್ಲಿ ಬಾಲ್ ಬೇರಿಂಗ್ ಇರೋದಿಲ್ಲ. ಶಾಫ್ಟ್ ಆಯಿಲ್‌ನ ಒಂದು ತೆಳು ಪದರದ ಮೇಲೆ ತೇಲುತ್ತಾ ತಿರುಗುತ್ತೆ. ಆ ಪದರ ಇದ್ದರೆ ಟರ್ಬೋ ಇದೆ, ಇಲ್ಲದಿದ್ದರೆ ಇಲ್ಲ.

ನಮ್ಮ ಕಡೆ ಇದು ಹೊಸದೂ ಅಲ್ಲ. ಸ್ವಿಫ್ಟ್ ಡೀಸೆಲ್‌ನ 1.3 ಲೀಟರ್ ಎಂಜಿನ್‌ನಲ್ಲೂ ಟರ್ಬೋ ಇತ್ತು. ಅರ್ಧ ಮಲೆನಾಡು ಅದನ್ನೇ ಓಡಿಸಿತು, ಯಾರೂ ಹೆದರಲಿಲ್ಲ. 2020ರ ಏಪ್ರಿಲ್‌ನಲ್ಲಿ ಬಿಎಸ್6 ಹೊಗೆ ನಿಯಮ ಬಂತು, ಚಿಕ್ಕ ಡೀಸೆಲ್‌ಗಳು ಒಂದೊಂದಾಗಿ ಹೋದವು. ಆ ಜಾಗಕ್ಕೆ ಬಂದದ್ದು ಈ ಚಿಕ್ಕ ಪೆಟ್ರೋಲ್ ಟರ್ಬೋಗಳು. ನಾಲ್ಕು ಮೀಟರ್ ಒಳಗೆ, 1200 ಸಿಸಿ ಒಳಗೆ ಇದ್ದರೆ ಪೆಟ್ರೋಲ್ ಕಾರಿಗೆ ತೆರಿಗೆ ಕಡಿಮೆ. ಎಂಜಿನ್ ಚಿಕ್ಕದಾಗಿರೋದಕ್ಕೆ ಅದೂ ಒಂದು ಕಾರಣ.

ಈಗ ಡೇರಿ ವಿಷಯ. 2021ರ ಜುಲೈ. ಹದಿನೈದು ದಿನದಿಂದ ಬಿಸಿಲು ಕಂಡಿರಲಿಲ್ಲ. ಕಾರು ಹೋಗುತ್ತಿದ್ದದ್ದು ಡೇರಿಗೆ, ವಾಪಸ್ ಮನೆಗೆ. ಅಷ್ಟೇ. ಒಂದು ಭಾನುವಾರ ಆಯಿಲ್ ನೋಡೋಣ ಅಂತ ಮುಚ್ಚಳ ತಿರುಗಿಸಿದೆ. ಒಳಗೆ ಬೆಣ್ಣೆ! ಮಜ್ಜಿಗೆ ಕಡೆದಾಗ ಮೇಲೆ ತೇಲುತ್ತಲ್ವಾ, ಹಾಗೇ. ಬಣ್ಣ ಮಾತ್ರ ಹಾಲು ಜಾಸ್ತಿ ಹಾಕಿದ ಕಾಫಿಯದ್ದು. ಬೆರಳಲ್ಲಿ ಮುಟ್ಟಿದರೆ ಅಂಟಂಟು.

ಹೆಡ್ ಗ್ಯಾಸ್ಕೆಟ್ (ಎಂಜಿನ್ ತಲೆಗೂ ಬ್ಲಾಕಿಗೂ ಮಧ್ಯದ ಸೀಲ್) ಹೋಯಿತು, ಎಂಜಿನ್ ತಣ್ಣಗಿಡುವ ಕೂಲೆಂಟ್ ಆಯಿಲ್‌ಗೆ ಸೇರಿದೆ ಅಂದುಕೊಂಡೆ. ಹಾಸನದಲ್ಲಿ ನನಗೆ ಗೊತ್ತಿರುವ ಒಬ್ಬ ಹಳೇ ಮೆಕ್ಯಾನಿಕ್ ಇದ್ದಾರೆ. ಫೋನ್ ಮಾಡಿದೆ. "ಗೌಡ್ರೇ, ಗಾಬರಿ ಆಮೇಲೆ. ಮೊದಲು ಕೂಲೆಂಟ್ ಡಬ್ಬಿ ನೋಡಿ. ಆಮೇಲೆ ಡಿಪ್‌ಸ್ಟಿಕ್ ಎಳೆದು ಮೂಸಿ" ಅಂದರು. ಕೂಲೆಂಟ್ ಗೆರೆಯಲ್ಲೇ ಇತ್ತು. ಡಿಪ್‌ಸ್ಟಿಕ್‌ನಲ್ಲಿ ಆಯಿಲ್ ಬಿಳಿಯಾಗಿರಲಿಲ್ಲ. ಆದರೆ ಮೇಲಿನ ಗೆರೆಗಿಂತ ಅರ್ಧ ಬೆರಳು ಜಾಸ್ತಿ ಇತ್ತು. ಮೂಸಿದೆ. ಪೆಟ್ರೋಲ್ ವಾಸನೆ.

ಆಯಿಲ್ ಕಡಿಮೆ ಆಗೋದು ಕೇಳಿದ್ದೆ, ಜಾಸ್ತಿ ಆಗೋದು ಮೊದಲ ಸಲ ನೋಡಿದ್ದು. ಕಾರಣ ಸರಳ. ಎಂಜಿನ್ ತಣ್ಣಗಿದ್ದಾಗ ಪೆಟ್ರೋಲ್ ಜಾಸ್ತಿ ಸುರಿಯುತ್ತೆ. ನನ್ನದು ಸಿಲಿಂಡರ್ ಒಳಗೇ ನೇರವಾಗಿ ಪೆಟ್ರೋಲ್ ಚಿಮ್ಮಿಸುವ ಎಂಜಿನ್. ಅದರಲ್ಲಿ ಸ್ವಲ್ಪ ಪೆಟ್ರೋಲ್ ಸಿಲಿಂಡರ್ ಗೋಡೆಗೆ ಹತ್ತಿ, ಪಿಸ್ಟನ್ ರಿಂಗ್ ದಾಟಿ, ಕೆಳಗೆ ಆಯಿಲ್‌ಗೆ ಇಳಿಯುತ್ತೆ. ಜೊತೆಗೆ ಉರಿದಾಗ ಹುಟ್ಟುವ ನೀರಾವಿ. ಉದ್ದ ಓಡಿಸಿದರೆ ಆಯಿಲ್ ಚೆನ್ನಾಗಿ ಕಾದು ಎರಡೂ ಆವಿಯಾಗಿ ಹೋಗುತ್ತವೆ. ಎರಡು ಕಿಲೋಮೀಟರ್‌ಗೆ ಆಯಿಲ್ ಉಗುರುಬೆಚ್ಚಗೂ ಆಗಲ್ಲ. ನೀರು ಮುಚ್ಚಳದಲ್ಲಿ ಬೆಣ್ಣೆ ಆಗುತ್ತೆ, ಪೆಟ್ರೋಲ್ ಆಯಿಲ್ ಅನ್ನು ತೆಳ್ಳಗೆ ಮಾಡುತ್ತೆ. ಎರಡು ಲಕ್ಷ ಸುತ್ತು ತಿರುಗುವ ಶಾಫ್ಟ್‌ಗೆ ಆಸರೆ ಇರೋದು ಅದೇ ಆಯಿಲ್.

ಅವತ್ತೇ ಹಾಸನಕ್ಕೆ ಹೋದೆ. ಅಲ್ಲಿ ಮುಚ್ಚಳ ತೆಗೆದರೆ ಬೆಣ್ಣೆ ಮುಕ್ಕಾಲು ಭಾಗ ಮಾಯ. ಆದರೂ ಆಯಿಲ್ ಬದಲಾಯಿಸಿಯೇ ಬಂದೆ.

ಆಮೇಲಿನಿಂದ ನನ್ನ ಲೆಕ್ಕ ಬೇರೆ. ಕಂಪನಿ ಪುಸ್ತಕದಲ್ಲಿ ಹತ್ತು ಸಾವಿರ ಕಿಲೋಮೀಟರ್ ಅಥವಾ ಒಂದು ವರ್ಷ ಅಂತಿದೆ. ಅದೇ ಪುಸ್ತಕದ ಹಿಂದಿನ ಪುಟಗಳಲ್ಲಿ ಚಿಕ್ಕ ಓಡಾಟ, ಧೂಳು, ಬೆಟ್ಟದ ರಸ್ತೆ ಇದ್ದರೆ ಬೇಗ ಬದಲಾಯಿಸಿ ಅಂತಲೂ ಇದೆ. ಅದನ್ನು ಯಾರೂ ಓದಲ್ಲ. ನಮ್ಮಲ್ಲಿ ಮೂರೂ ಇವೆ. ನಾನು ಆರು ಸಾವಿರಕ್ಕೆ ಬದಲಾಯಿಸುತ್ತೇನೆ. ಅದರಲ್ಲಿ ಒಂದು ಮಳೆ ನಿಂತ ಮೇಲೆ, ಅಕ್ಟೋಬರ್‌ನಲ್ಲಿ. ಒಂದು ಸಲಕ್ಕೆ ಮೂರೂವರೆ ಸಾವಿರ ಆಗುತ್ತೆ. ಪುಸ್ತಕದಲ್ಲಿ ಹೇಳಿದ ಗ್ರೇಡ್, ಡಬ್ಬಿಯ ಮೇಲೆ ಎಪಿಐ ಎಸ್‌ಪಿ ಅನ್ನೋ ಗುಣಮಟ್ಟದ ಗುರುತು ಇರಬೇಕು. ಬ್ರ್ಯಾಂಡ್ ಬಗ್ಗೆ ನನಗೆ ತಕರಾರಿಲ್ಲ. ಡೇರಿಗೆ ಈಗ ಸ್ಕೂಟರ್. ಜೋರು ಮಳೆಯಲ್ಲಿ ಕಾರೇ ಗತಿ, ಆದರೆ ಆ ವಾರ ಒಂದು ಸಲ ಚಿಕ್ಕಮಗಳೂರಿಗೆ ಹೋಗಿ ಬರುತ್ತೇನೆ. ಏನಾದರೂ ಕೆಲಸ ಹುಡುಕಿಕೊಳ್ಳೋದು ಕಷ್ಟ ಅಲ್ಲ. ಎಂಜಿನ್ ಬಿಸಿ ಆಗಲಿ ಅಂತ ಅಂದ್ರೆ ಹೆಂಡತಿ ನಂಬಲ್ಲ, ಅದು ಬೇರೆ ವಿಷಯ.

ಘಾಟಿಯಲ್ಲಿ ತೊಂದರೆ ಇದ್ದದ್ದು ಅಪ್ಪನ ಹಳೇ ಅಭ್ಯಾಸದಿಂದ. ಅವರು ಜೀಪ್ ಓಡಿಸಿ ಕಲಿತವರು. ದೊಡ್ಡ ಗೇರ್‌ನಲ್ಲೇ ಎಳೆಸಿದರೆ ಪೆಟ್ರೋಲ್ ಉಳಿಯುತ್ತೆ ಅನ್ನೋದು ಅವರ ನಂಬಿಕೆ. ಚಾರ್ಮಾಡಿಯ ತಿರುವಿನಲ್ಲಿ ಮೂರನೇ ಗೇರ್, 1,300 ಆರ್‌ಪಿಎಂ, ಕಾಲು ಪೂರ್ತಿ ಕೆಳಗೆ. ಹಳೇ ಜೀಪ್ ಅದನ್ನು ತಡೆದುಕೊಳ್ಳುತ್ತಿತ್ತು. ಟರ್ಬೋ ಪೆಟ್ರೋಲ್‌ಗೆ ಅದು ವಿಷ. ಸುತ್ತು ಕಡಿಮೆ, ಭಾರ ಜಾಸ್ತಿ, ಗಾಳಿ ಒತ್ತಿ ತುಂಬಿರುತ್ತೆ. ಪ್ಲಗ್ ಕಿಡಿ ಕೊಡುವ ಮುಂಚೆಯೇ ಒಳಗೆ ಬೆಂಕಿ ಹತ್ತಿಕೊಳ್ಳಬಹುದು. ಮೇಲೆ ಬರುತ್ತಿರುವ ಪಿಸ್ಟನ್ ತಲೆಗೆ ಸುತ್ತಿಗೆಯಲ್ಲಿ ಹೊಡೆದ ಹಾಗೆ. ಪಿಸ್ಟನ್ ಬಿರುಕು ಬಿಟ್ಟ ಎಂಜಿನ್‌ಗಳಿವೆ. ಎಸ್‌ಪಿ ಆಯಿಲ್ ಬೇಕು ಅಂದೆನಲ್ಲ, 2020ರಲ್ಲಿ ಬಂದ ಆ ಗುಣಮಟ್ಟದಲ್ಲಿ ಇದಕ್ಕೂ ಒಂದು ಪರೀಕ್ಷೆ ಇದೆ. ನಾನು ತಿರುವಿನ ಮುಂಚೆಯೇ ಎರಡನೇ ಗೇರ್‌ಗೆ ಬಂದು 2,500ರ ಮೇಲೆ ಇಟ್ಟುಕೊಂಡು ಹತ್ತುತ್ತೇನೆ. ಎಂಜಿನ್ ಶಬ್ದ ಜಾಸ್ತಿ, ಕಷ್ಟ ಕಡಿಮೆ.

ಇನ್ನೊಂದು, ಆಫ್ ಮಾಡುವ ಮುಂಚೆ ಒಂದು ಸಲ ಗುರ್ ಅನ್ನಿಸಿ ಕೀ ತಿರುಗಿಸೋದು. ಹಳೇ ಡ್ರೈವರ್‌ಗಳೆಲ್ಲ ಮಾಡುತ್ತಿದ್ದರು. ಟರ್ಬೋ ಜೋರಾಗಿ ತಿರುಗಿಸಿ ಅದೇ ಕ್ಷಣ ಆಯಿಲ್ ನಿಲ್ಲಿಸಿದ ಹಾಗಾಯಿತು. ಬಿಸಿ ಶಾಫ್ಟ್ ಸುತ್ತ ನಿಂತ ಆಯಿಲ್ ಕರಕಲಾಗಿ ಕಪ್ಪು ಗಟ್ಟಿ ಕಟ್ಟುತ್ತೆ, ದೋಸೆ ಕಾವಲಿಯ ಅಂಚಿನ ಥರ. ಘಾಟಿ ಹತ್ತಿ ಕೊಟ್ಟಿಗೆಹಾರಕ್ಕೆ ಬಂದರೆ ನೀರುದೋಸೆ ತಿನ್ನದೆ ಮುಂದೆ ಹೋಗುವ ಹಾಗಿಲ್ಲ. ಅಲ್ಲಿ ನಿಲ್ಲಿಸಿ ಒಂದು ನಿಮಿಷ ಎಂಜಿನ್ ಹಾಗೇ ಬಿಡುತ್ತೇನೆ. ಒಂದೇ ನಿಮಿಷ ಸಾಕು. ಐದು ನಿಮಿಷ ಬಿಡಬೇಕು ಅನ್ನುವವರಿದ್ದಾರೆ, ಪೆಟ್ರೋಲ್ ದಂಡ. ಎಷ್ಟೋ ಹೊಸ ಟರ್ಬೋಗಳ ಒಳಗೇ ಕೂಲೆಂಟ್ ಓಡುತ್ತೆ. ಅದಕ್ಕೇ ರೇಡಿಯೇಟರ್‌ಗೆ ಹಳ್ಳದ ನೀರು ಸುರಿಯುವ ಅಭ್ಯಾಸವನ್ನೂ ಬಿಡಬೇಕು. ಇಳಿದು ಬಂದಿದ್ದರೆ ಆ ಒಂದು ನಿಮಿಷವೂ ಬೇಡ, ದಾರಿಯಲ್ಲೇ ತಣ್ಣಗಾಗಿರುತ್ತೆ.

ಎತ್ತರದ ಜಾಗಕ್ಕೆ ಟರ್ಬೋ ಒಳ್ಳೇದೇ. ಸಾವಿರ ಮೀಟರ್ ಮೇಲೆ ಹೋದರೆ ಗಾಳಿ ಹೆಚ್ಚುಕಡಿಮೆ ಹತ್ತನೇ ಒಂದು ಭಾಗ ತೆಳುವಾಗುತ್ತೆ. ಟರ್ಬೋ ಇಲ್ಲದ ಕಾರಿನ ಶಕ್ತಿಯೂ ಅಷ್ಟೇ ಇಳಿಯುತ್ತೆ. 1,930 ಮೀಟರ್ ಎತ್ತರದ ಮುಳ್ಳಯ್ಯನಗಿರಿಯ ದಾರಿಯಲ್ಲಿ ಐದು ಜನ ಕೂತಿದ್ದರೆ ವ್ಯತ್ಯಾಸ ಕಾಲಿಗೇ ಗೊತ್ತಾಗುತ್ತೆ. ಟರ್ಬೋ ಇನ್ನಷ್ಟು ಜೋರಾಗಿ ತಿರುಗಿ ಆ ಕೊರತೆ ತುಂಬಿಸುತ್ತೆ.

ಎರಡನೇ ಗಾಬರಿ 2023ರ ಜನವರಿ, ಕಾಫಿ ಕುಯ್ಲಿನ ಸಮಯ. ಬೇಲೂರು ದಾಟಿ ಹೋಗುತ್ತಿದ್ದೆ. ಲಾರಿ ಓವರ್‌ಟೇಕ್ ಮಾಡಲು ಒತ್ತಿದರೆ ಕಾರು ಮುಂದೆ ಹೋಗಲೇ ಇಲ್ಲ. ಬಾನೆಟ್ ಒಳಗಿಂದ ಸುಯ್ ಅಂತ ಶಬ್ದ. ಎಂಜಿನ್ ಲೈಟ್ ಬಂತು. ಒಂದು ಸರ್ವಿಸ್ ಸೆಂಟರ್‌ಗೆ ಬಿಟ್ಟೆ. ಸ್ಕ್ಯಾನರ್ ಹಾಕಿದರು, ಪಿ0299 ಕೋಡ್ ಬಂತು. "ಟರ್ಬೋ ಹೋಗಿದೆ ಸರ್, ಹೊಸದೇ ಹಾಕಬೇಕು" ಅಂದರು. ಎಲ್ಲ ಸೇರಿ ತೊಂಬತ್ತು ಸಾವಿರದ ಎಸ್ಟಿಮೇಟ್. ಆ ಕೋಡ್‌ನ ಅರ್ಥ ಟರ್ಬೋ ಹೋಗಿದೆ ಅಂತ ಅಲ್ಲ. ಬರಬೇಕಾದಷ್ಟು ಒತ್ತಡ ಬರುತ್ತಿಲ್ಲ ಅಂತ ಅಷ್ಟೇ. ಅವತ್ತು ಅದು ನನಗೆ ಗೊತ್ತಿರಲಿಲ್ಲ. ದುಡ್ಡು ಕೇಳಿಯೇ ಎದೆ ಧಸಕ್ ಅಂದಿತ್ತು. ಕಾರು ವಾಪಸ್ ತಗೊಂಡು ನಿಧಾನಕ್ಕೆ ಹಾಸನಕ್ಕೆ ಓಡಿಸಿದೆ.

ನಮ್ಮ ಮೆಕ್ಯಾನಿಕ್ ಸ್ಕ್ಯಾನರ್ ಮುಟ್ಟಲೇ ಇಲ್ಲ. ಏರ್ ಫಿಲ್ಟರ್‌ನಿಂದ ಟರ್ಬೋಗೆ ಹೋಗುವ ಪೈಪ್ ಬಿಚ್ಚಿದರು. ಒಳಗೆ ಎರಡು ಬೆರಳು ಹಾಕಿ ಶಾಫ್ಟ್ ತುದಿಯ ನಟ್ ಹಿಡಿದು ಅಲ್ಲಾಡಿಸಿದರು. ನನ್ನ ಕೈಯಲ್ಲೂ ಮುಟ್ಟಿಸಿದರು. ಪಕ್ಕಕ್ಕೆ ಒಂದು ಕೂದಲಿನಷ್ಟು ಆಟ ಇತ್ತು. "ಅದು ಇರಲೇಬೇಕು, ಆಯಿಲ್‌ಗೆ ಜಾಗ ಬೇಡ್ವಾ? ಈಗ ಹಿಂದೆ ಮುಂದೆ ತಳ್ಳಿ" ಅಂದರು. ತಳ್ಳಿದೆ, ಎಳೆದೆ. ಏನೂ ಅಲ್ಲಾಡಲಿಲ್ಲ. ಚಕ್ರದ ರೆಕ್ಕೆಗಳ ಅಂಚು ಸವೆದಿರಲಿಲ್ಲ, ಗೋಡೆಗೆ ಉಜ್ಜಿದ ಗುರುತೂ ಇಲ್ಲ. ಆಮೇಲೆ ಆ ಬಾಯಿಗೆ ವಾಲ್ವ್ ಕೂರಿಸಿದ ಬಿರಡೆ ಒತ್ತಿ, ಟೈರ್‌ಗೆ ಗಾಳಿ ಹಾಕುವ ಪೈಪ್ ಸಿಕ್ಕಿಸಿ, ಸ್ವಲ್ಪವೇ ಗಾಳಿ ಬಿಟ್ಟರು. ಸೋಪಿನ ನೀರು ಎಲ್ಲ ಪೈಪ್ ಮೇಲೂ ಚಿಮುಕಿಸಿದರು. ಟರ್ಬೋ ಒತ್ತಿದ ಗಾಳಿಯನ್ನು ತಣ್ಣಗೆ ಮಾಡುವ ಇಂಟರ್‌ಕೂಲರ್‌ಗೆ ಹೋಗುವ ರಬ್ಬರ್ ಹೋಸ್‌ನ ಅಡಿಯಲ್ಲಿ ಬುಳುಬುಳು ಗುಳ್ಳೆ ಎದ್ದವು. ಹೋಸ್ ಬಿಚ್ಚಿದರೆ ಹೆಬ್ಬೆರಳು ತೂರುವಷ್ಟು ತೂತು. ಅಂಚಿನಲ್ಲಿ ಹಲ್ಲಿನ ಗುರುತು.

"ಗೌಡ್ರೇ, ಟರ್ಬೋಗೆ ಏನೂ ಆಗಿಲ್ಲ. ಇಲಿಗೆ ಹೊಟ್ಟೆ ಹಸಿದಿತ್ತು."

ಹೋಸ್‌ಗೆ ಎರಡು ಸಾವಿರದ ಎಂಟುನೂರು. ಅವರ ಕೂಲಿ ಐನೂರು. ಕೆಟ್ಟಿದೆ ಅಂತ ಬಿಚ್ಚಿ ಎಸೆದ ಟರ್ಬೋಗಳಲ್ಲಿ ಎಷ್ಟು ನಿಜವಾಗಿ ಕೆಟ್ಟಿದ್ದವು ಅನ್ನೋ ಅನುಮಾನ ನನಗೆ ಅವತ್ತಿನಿಂದ ಹೋಗಿಲ್ಲ.

ಉಳಿದವು ಚಿಕ್ಕ ಕೆಲಸಗಳು. ಕುಯ್ಲಿನ ತಿಂಗಳುಗಳಲ್ಲಿ ತೋಟದ ರಸ್ತೆಯ ಕೆಂಪು ಧೂಳಿಗೆ ಏರ್ ಫಿಲ್ಟರ್ ಬೇಗ ಕಟ್ಟುತ್ತೆ, ಮಾರ್ಚ್‌ನಲ್ಲಿ ತಪ್ಪದೆ ಹೊಸದು. ಸ್ಪಾರ್ಕ್ ಪ್ಲಗ್ ಎರಡು ಸಲ ಬದಲಾಯಿಸಿದ್ದೇನೆ. ಏರಿನಲ್ಲಿ ಜೋರಾಗಿ ಒತ್ತಿದಾಗ ಮಾತ್ರ ಜರ್ಕ್ ಹೊಡೆದರೆ ಮೊದಲು ನೋಡಬೇಕಾದ್ದು ಪ್ಲಗ್. 92,000ಕ್ಕೆ ಸಿಲಿಂಡರ್‌ಗಳಿಗೆ ಗಾಳಿ ಹಂಚುವ ಇನ್‌ಟೇಕ್ ಮ್ಯಾನಿಫೋಲ್ಡ್ ಬಿಚ್ಚಿಸಿ ವಾಲ್ವ್ ಕ್ಲೀನ್ ಮಾಡಿಸಿದೆ. ಪೆಟ್ರೋಲ್ ನೇರವಾಗಿ ಸಿಲಿಂಡರ್‌ಗೇ ಹೋಗೋದರಿಂದ ವಾಲ್ವ್ ಹಿಂಭಾಗ ತೊಳೆಯುವವರೇ ಇಲ್ಲ, ಮಸಿ ಕಟ್ಟುತ್ತೆ. ಬೆಳಿಗ್ಗೆ ಸ್ಟಾರ್ಟ್ ಮಾಡಿದಾಗ ನಡುಗುತ್ತಿತ್ತು. ಅಕ್ರೋಟ್ ಚಿಪ್ಪಿನ ಪುಡಿಯನ್ನು ಗಾಳಿಯಲ್ಲಿ ಊದಿ ಕ್ಲೀನ್ ಮಾಡುತ್ತಾರೆ, ಬೆಂಗಳೂರಿನಲ್ಲಿ ಮಾಡಿಸಿದೆ. ಆಮೇಲೆ ನಡುಕ ಹೋಯಿತು. ವಾಲ್ವ್ ಹಿಂದೆ, ಗಾಳಿ ಬರುವ ದಾರಿಯಲ್ಲೇ ಪೆಟ್ರೋಲ್ ಚಿಮ್ಮಿಸುವ ಹಳೇ ಪದ್ಧತಿಯ ಟರ್ಬೋಗಳೂ ಇವೆ, ಅವಕ್ಕೆ ಈ ಖರ್ಚಿಲ್ಲ.

ಹೋದ ವರ್ಷ ಚಿಕ್ಕಪ್ಪನ ಮಗ ಸೆಕೆಂಡ್ ಹ್ಯಾಂಡ್ ಟರ್ಬೋ ಕಾರು ನೋಡುತ್ತಿದ್ದ. ಒಂದು 28,000 ಓಡಿದ್ದು, ಐದು ವರ್ಷ ಊರೊಳಗೇ ಇದ್ದ ಕಾರು, ಎರಡೇ ಆಯಿಲ್ ಬಿಲ್. ಇನ್ನೊಂದು 90,000, ಹಾಸನ ಬೆಂಗಳೂರು ಮಧ್ಯೆ ಓಡಿದ್ದು, ಬಿಲ್ ಎಲ್ಲ ಇದೆ. ಮನೆಯವರೆಲ್ಲ ಮೊದಲನೆಯದು ಅಂದರು. ನಾನು ಎರಡನೆಯದು ತಗೋ ಅಂದೆ. ತಗೊಂಡ, ಈಗಲೂ ಚೆನ್ನಾಗಿದೆ. ಮೊದಲನೆಯದಕ್ಕೆ ಆಯಿಲ್‌ನಲ್ಲೇ ಮುಳುಗಿ ಓಡುವ ಟೈಮಿಂಗ್ ಬೆಲ್ಟ್ ಬೇರೆ ಇತ್ತು. ಪೆಟ್ರೋಲ್ ಬೆರೆತ ಹಳೇ ಆಯಿಲ್ ಆ ರಬ್ಬರನ್ನೇ ತಿನ್ನುತ್ತೆ. ಪುಡಿ ಉದುರಿ ಆಯಿಲ್ ಪಂಪ್‌ನ ಜಾಲರಿ ಕಟ್ಟಿದರೆ ಟರ್ಬೋನೂ ಇಲ್ಲ, ಎಂಜಿನ್ನೂ ಇಲ್ಲ.

ನನ್ನ ಕಾರು ಈಗ ಆರು ಸಾವಿರಕ್ಕೆ ಕಾಲು ಲೀಟರ್ ಆಯಿಲ್ ಕುಡಿಯುತ್ತೆ. ಈ ವಯಸ್ಸಿಗೆ ಅದು ದೊಡ್ಡದಲ್ಲ. ಗಮನ ಇಟ್ಟಿದ್ದೇನೆ. ಬಗೆಹರಿಯದೆ ಉಳಿದದ್ದು ಇಲಿ ಒಂದೇ. ನುಸಿಗುಳಿಗೆ ಕಟ್ಟಿದೆ, ಹೊಗೆಸೊಪ್ಪು ಇಟ್ಟೆ. ಹೊಗೆಸೊಪ್ಪು ಅಪ್ಪನ ತೋಟದಾಳುಗಳು ತಗೊಂಡು ಹೋದರು. ಈಗ ರಾತ್ರಿ ಬಾನೆಟ್ ತೆರೆದಿಟ್ಟು ಮೇಲೆ ಒಂದು ಬಲ್ಬ್ ಉರಿಸುತ್ತೇನೆ. ಬೆಳಕಿಗೆ ಇಲಿ ಬರಲ್ಲ. ಕೋಳಿ ಬರುತ್ತೆ. ಬೆಳಿಗ್ಗೆ ಸ್ಟಾರ್ಟ್ ಮಾಡುವ ಮುಂಚೆ ಅಪ್ಪನೇ ಹೋಗಿ ಬ್ಯಾಟರಿ ಪಕ್ಕ ಕೈಯಾಡಿಸಿ ನೋಡುತ್ತಾರೆ, ಮೊಟ್ಟೆ ಇದೆಯಾ ಅಂತ.