ನಲಿಕಲಿ ಕೊಠಡಿಯಲ್ಲಿ ಮಳೆ, ಚಳಿ, ಬಿಸಿಲು: ವರ್ಷವಿಡೀ ಏನೇನು ಮಾಡಿಸಬಹುದು

ಒಂದರಿಂದ ಮೂರನೇ ತರಗತಿಯ ಮಕ್ಕಳನ್ನು ಒಟ್ಟಿಗೆ ಕೂರಿಸಿಕೊಂಡು ಚಟುವಟಿಕೆಗಳ ಮೂಲಕ ಕಲಿಸುವ ನಲಿಕಲಿ ಪದ್ಧತಿಯ ಶಿಕ್ಷಕರಿಗೆ, ಅದರಲ್ಲೂ ಮೊದಲ ಸಲ ಆ ಕೊಠಡಿಗೆ ಹೋಗುತ್ತಿರುವವರಿಗೆ ಇದನ್ನು ಬರೆಯುತ್ತಿದ್ದೇನೆ. ಋತುಗಳ ಚಟುವಟಿಕೆ ಅಂದ ಕೂಡಲೇ ಛತ್ರಿ, ಸ್ವೆಟರ್, ಸೂರ್ಯನ ಚಿತ್ರ ಇರುವ ಒಂದು ಚಾರ್ಟ್ ಮಾಡಿ ಗೋಡೆಗೆ ಅಂಟಿಸಿಬಿಡುತ್ತೇವೆ. ಎರಡನೇ ವಾರಕ್ಕೆ ಅದನ್ನು ಯಾವ ಮಗುವೂ ನೋಡುವುದಿಲ್ಲ. ಅದನ್ನು ಬಿಡಿ. ಹೊರಗಿನ ಹವೆಯನ್ನು ದಿನದ ಕೆಲಸದೊಳಗೇ ಸೇರಿಸಿ. ಐದು ನಿಮಿಷ ಸಾಕು, ಆದರೆ ದಿನಾ ಆಗಬೇಕು.

ಆ ದಿನದ ಹವೆಯನ್ನು ಮಕ್ಕಳೇ ಗುರುತಿಸುವ ಹವಾಮಾನ ನಕ್ಷೆ ಹೇಗೂ ಕೊಠಡಿಯಲ್ಲಿ ಇರುತ್ತದೆ. 1995ರಲ್ಲಿ ಹೆಗ್ಗಡದೇವನಕೋಟೆ ತಾಲ್ಲೂಕಿನಲ್ಲಿ ಶುರುವಾದ ಈ ಪದ್ಧತಿಯ ಗಟ್ಟಿತನವೇ ಅದು, ಗೋಡೆ, ಚಪ್ಪರ (ಮಕ್ಕಳ ಕೆಲಸ ನೇತುಹಾಕಲು ತಲೆ ಮೇಲೆ ಕಟ್ಟಿದ ದಾರಗಳು), ಕೆಳಗಿನ ಕಪ್ಪುಹಲಗೆ ಎಲ್ಲವೂ ಮಕ್ಕಳ ಕೈಗೆ ಸಿಗುತ್ತವೆ. ಪ್ರಾರ್ಥನೆ ಮುಗಿದ ಮೇಲೆ ಒಂದು ಮಗು ಅಂಗಳಕ್ಕೆ ಹೋಗಿ ಆಕಾಶ ನೋಡಿ ಬರಲಿ. "ಇವತ್ತು ಮಳೆಯಾ, ಬಿಸಿಲಾ?" ಅಂತ ಕೇಳಿದರೆ ಒಂದೇ ಪದದ ಉತ್ತರ ಬರುತ್ತದೆ. "ನಿನ್ನೆ ರಾತ್ರಿ ನಿಮ್ಮನೆ ಹತ್ತಿರ ಏನಾಯ್ತು?" ಅಂತ ಕೇಳಿ ನೋಡಿ. ಹಂಚು ಸೋರಿದ್ದು, ಕಪ್ಪೆ ಕೂಗಿದ್ದು, ಕರೆಂಟ್ ಹೋಗಿದ್ದು ಎಲ್ಲಾ ಬರುತ್ತದೆ. ಅದರಲ್ಲಿ ಒಂದು ವಾಕ್ಯವನ್ನು ಮೂರನೇ ತರಗತಿಯವರು ಹಲಗೆ ಮೇಲೆ ಬರೆಯಲಿ, ಎರಡನೆಯವರು ತಮಗೆ ಬರುವ ಪದ ಆರಿಸಿ ಓದಲಿ. ಒಂದನೆಯವರಿಗೆ ಆಗಿನ್ನೂ ನಲಿಕಲಿಯ ಮೊದಲ ಅಕ್ಷರಗಳಾದ ರ, ಗ, ಸ, ದ, ಅ ನಡೆಯುತ್ತಿದ್ದರೆ 'ಮಳೆ' ಬರೆಯಿರಿ ಅಂತ ಒತ್ತಾಯ ಬೇಡ, ಚಿತ್ರ ಬರೆಯಲಿ ಅಥವಾ ವಾಕ್ಯದಲ್ಲಿ 'ಸ' ಎಲ್ಲಿದೆ ಅಂತ ಹುಡುಕಲಿ.

ಮಳೆಗಾಲದಲ್ಲಿ ನಾನು ಜಾಸ್ತಿ ಹೇಳುವುದು ಮಳೆ ಅಳೆಯುವ ಬಾಟಲಿ ಬಗ್ಗೆ. ಗೋಡೆ ನೇರವಾಗಿರುವ ಪ್ಲಾಸ್ಟಿಕ್ ಬಾಟಲಿ ತೆಗೆದುಕೊಳ್ಳಿ, ನಡುವೆ ಸೊಂಟ ಇರುವುದು ಬೇಡ. ಮೇಲಿನ ಮೂರನೇ ಒಂದು ಭಾಗ ಕತ್ತರಿಸಿ (ಇದು ನಿಮ್ಮ ಕೆಲಸ, ಮಕ್ಕಳದ್ದಲ್ಲ), ಮುಚ್ಚಳ ತೆಗೆದು ಅದನ್ನೇ ತಲೆಕೆಳಗೆ ಮಾಡಿ ಆಲಿಕೆಯ ಹಾಗೆ ಕೂರಿಸಿ, ಅಂಚಿಗೆ ಟೇಪ್ ಹಚ್ಚಿ. ತಳದಲ್ಲಿ ನಾಲ್ಕು ಕಲ್ಲು ಹಾಕಿ, ಅವು ಮುಳುಗುವಷ್ಟು ನೀರು ಹೊಯ್ದು, ಆ ಮಟ್ಟಕ್ಕೆ ಗೆರೆ ಎಳೆಯಿರಿ. ಅದೇ ಸೊನ್ನೆ. ಮರದ ಕೆಳಗೆ, ಸೂರಿನ ಅಂಚಿನಲ್ಲಿ ಇಡಬೇಡಿ, ಬಯಲಲ್ಲಿ ಇಡಿ. ದಿನಾ ಬೆಳಗ್ಗೆ ಒಂದೇ ಹೊತ್ತಿಗೆ ನೋಡಿ, ಹೆಚ್ಚಾದ ನೀರನ್ನು ಸೊನ್ನೆಯ ಗೆರೆವರೆಗೆ ಚೆಲ್ಲಿಬಿಡಿ. ಮೂರನೇ ತರಗತಿಯವರು ಸ್ಕೇಲ್ ಹಿಡಿದು ಎಷ್ಟು ಮಿಲಿಮೀಟರ್ ಅಂತ ಓದುತ್ತಾರೆ. ಚಿಕ್ಕವರಿಗೆ ಸ್ಕೇಲ್ ಬೇಡವೇ ಬೇಡ. ಹಳೆ ನೋಟ್‌ಬುಕ್ಕಿನ ಕಾಗದದ ಪಟ್ಟಿಯನ್ನು ಬಾಟಲಿಗೆ ಒತ್ತಿ ಹಿಡಿದು, ಸೊನ್ನೆಯಿಂದ ನೀರು ಎಲ್ಲಿವರೆಗೆ ಬಂದಿದೆಯೋ ಅಷ್ಟುದ್ದ ಕತ್ತರಿಸಿ, ದಿನಕ್ಕೊಂದರಂತೆ ಗೋಡೆಗೆ ಸಾಲಾಗಿ ಅಂಟಿಸಲಿ. ಮಳೆ ಬರದ ದಿನ ಜಾಗ ಖಾಲಿ ಬಿಡಬೇಕು. ತಿಂಗಳು ಮುಗಿಯುವಷ್ಟರಲ್ಲಿ ಯಾವ ದಿನ ಜೋರು, ಯಾವ ವಾರ ಬರಲೇ ಇಲ್ಲ ಅನ್ನುವುದನ್ನು ಇನ್ನೂ ಓದಲು ಬಾರದ ಮಗುವೂ ಬೆರಳಿಟ್ಟು ತೋರಿಸುತ್ತದೆ. ಸ್ತಂಭ ನಕ್ಷೆ ಅಂತ ಮುಂದೆ ಕಲಿಯುವುದು ಇದನ್ನೇ ಅಲ್ವಾ?

ಇದರ ಜೊತೆಗೆ ಮನೆಗೊಂದು ಪ್ರಶ್ನೆ ಕಳಿಸಿ: ಈಗ ಯಾವ ಮಳೆ ನಡೀತಿದೆ? ಅಜ್ಜ ಅಜ್ಜಿ ಇರುವ ಮನೆಯಿಂದ ಮಾರನೇ ದಿನವೇ ಉತ್ತರ ಬರುತ್ತದೆ. ಜೂನ್ ಮೊದಲ ವಾರದ ಕೊನೆಗೆ ಮೃಗಶಿರ, 21–22ಕ್ಕೆ ಆರಿದ್ರ. "ಆದ್ರೆ ಆರಿದ್ರ, ಇಲ್ದಿದ್ರೆ ದರಿದ್ರ" ಅನ್ನುವುದನ್ನು ಯಾವುದಾದರೂ ಮಗು ಕೇಳಿಕೊಂಡೇ ಬರುತ್ತದೆ. ನಕ್ಷತ್ರದ ಹೆಸರನ್ನು ಪಟ್ಟಿಗಳ ಸಾಲಿನ ಮೇಲೆ ಬರೆಯಿಸಿ. ಹದಿಮೂರು ಹದಿನಾಲ್ಕು ದಿನಕ್ಕೊಮ್ಮೆ ಹೆಸರು ಬದಲಾಗುತ್ತದೆ, ಎಣಿಕೆಗೂ ಆಯಿತು.

ಮಳೆಗಾಲದ ಕೊಠಡಿಯನ್ನು ನಿಭಾಯಿಸುವುದೂ ಒಂದು ಕೆಲಸವೇ. ಬಾಗಿಲಲ್ಲಿ ಗೋಣಿಚೀಲ ಹಾಸಿ. ಛತ್ರಿಗಳಿಗೆ ಒಂದು ಬಕೆಟ್ ಇಡಿ. ನೆನೆದು ಬಂದ ಮಗುವಿಗೆ ಉಡಿಸಲು ಒಂದೆರಡು ಹಳೆ ಅಂಗಿ ಬೀರುವಿನಲ್ಲಿರಲಿ. ತಗಡಿನ ಮೇಲೆ ಮಳೆ ಜೋರಾದಾಗ ಗಂಟಲು ಹರಿದುಕೊಂಡು ಪಾಠ ಮಾಡಬೇಡಿ, ಯಾರಿಗೂ ಕೇಳುವುದಿಲ್ಲ. ಆ ಹೊತ್ತಿಗೆ ಅಂತಲೇ ಸ್ವಕಲಿಕೆಯ ಕಾರ್ಡುಗಳನ್ನು, ಮಣ್ಣಿನ ಕೆಲಸವನ್ನು ಎತ್ತಿಡಿ.

ಸುಗ್ಗಿ ಹೊತ್ತಿಗೆ ಕೆಲವು ಮಕ್ಕಳು ಬರುವುದು ತಪ್ಪುತ್ತದೆ. ಬಂದ ದಿನ ಬೈಯಬೇಡಿ. ಹೊಲದಲ್ಲಿ ಏನು ನೋಡಿದೆ ಅಂತ ಕೇಳಿ, ಅದನ್ನೇ ಅವತ್ತಿನ ವಾಕ್ಯ ಮಾಡಿ. ಕಲಿಕಾ ಏಣಿಯಲ್ಲಿ, ಅಂದರೆ ಕಲಿಕೆಯ ಹಂತಗಳನ್ನು ಮೆಟ್ಟಿಲುಗಳ ಹಾಗೆ ಜೋಡಿಸಿದ ಪಟ್ಟಿಯಲ್ಲಿ, ಮಗು ಬಿಟ್ಟ ಮೆಟ್ಟಿಲಿನಿಂದಲೇ ಮುಂದುವರಿಯಬಹುದು.

ಚಳಿಗಾಲಕ್ಕೆ ನೆರಳು. ಆಕಾಶ ತಿಳಿಯಾಗಿರುತ್ತದೆ, ಬಿಸಿಲಲ್ಲಿ ನಿಲ್ಲುವುದೂ ಹಿತ. ಅಂಗಳದಲ್ಲಿ ಒಂದು ಮೀಟರ್ ಕೋಲು ನೆಟ್ಟು, ಪ್ರಾರ್ಥನೆಯಾದ ಮೇಲೆ, ಮಧ್ಯಾಹ್ನ, ಮನೆಗೆ ಹೋಗುವಾಗ ನೆರಳಿನ ತುದಿಗೆ ಕಲ್ಲಿಡಿಸಿ. ಡಿಸೆಂಬರ್ ಮಧ್ಯಾಹ್ನದಲ್ಲಿ ನೆರಳು ಮುಕ್ಕಾಲು ಮೀಟರ್ ಆಸುಪಾಸು ಇರುತ್ತದೆ. ಅಷ್ಟುದ್ದದ ದಾರ ಕತ್ತರಿಸಿ, ತಿಂಗಳ ಹೆಸರು ಬರೆದು ಚಪ್ಪರಕ್ಕೆ ಕಟ್ಟಿ. ಪ್ರತಿ ತಿಂಗಳೂ ಹೀಗೇ ಮಾಡಿ. ಮಾರ್ಚ್ ಕೊನೆಯ ದಾರ ಒಂದು ಗೇಣಿನ ಹತ್ತಿರಕ್ಕೆ ಬಂದಿರುತ್ತದೆ. ಕಾರಣ ವಿವರಿಸಲು ಹೋಗಬೇಡಿ, ಈ ವಯಸ್ಸಿಗೆ ನೋಡಿದ್ದು ಸಾಕು. ಬೆಂಗಳೂರಿನ ಸುತ್ತಮುತ್ತ ಏಪ್ರಿಲ್ 24–25ರ ಮಧ್ಯಾಹ್ನ ಕೋಲಿನ ನೆರಳು ಬುಡದಲ್ಲೇ ಅಡಗುತ್ತದೆ. ರಜೆಯಲ್ಲಿ ಮನೆ ಅಂಗಳದಲ್ಲಿ ನೋಡಿ ಅಂತ ಹೇಳಿ ಕಳಿಸಿ.

ಸಂಕ್ರಾಂತಿಗೆ ಎಳ್ಳು ಬೆಲ್ಲ ಹಂಚುವಾಗ ಎಣಿಕೆ ತಾನಾಗಿ ಬರುತ್ತದೆ, ಪ್ರತ್ಯೇಕ ಪಾಠ ಬೇಡ.

ಬೇಸಿಗೆಯಲ್ಲಿ ಹಕ್ಕಿಗೆ ನೀರಿಡುವುದನ್ನು ಎಲ್ಲರೂ ಮಾಡಿಸುತ್ತಾರೆ, ಒಳ್ಳೆಯದೇ. ಆದರೆ ದಿನಾ ನೀರು ಬದಲಿಸುವ ಸರದಿಯನ್ನೂ ಬರೆದು ಹಾಕಿ. ಅದಕ್ಕಿಂತ ಮುಖ್ಯವಾಗಿ ಹುಣಸೆ ಬೀಜ ಕೂಡಿಡಿ. ಫೆಬ್ರವರಿ, ಮಾರ್ಚ್‌ನಲ್ಲಿ ಮನೆಮನೆಯಲ್ಲಿ ಹುಣಸೆ ಕುಟ್ಟುತ್ತಾರೆ, ಬೀಜ ಸುಮ್ನೆ ಬಿದ್ದಿರುತ್ತದೆ. ಮಕ್ಕಳು ತರಲಿ, ತೊಳೆಯಲಿ, ಚೆನ್ನಾಗಿ ಒಣಗಿಸಿ ಹತ್ತತ್ತರ ಪೊಟ್ಟಣ ಕಟ್ಟಲಿ. ಹತ್ತು ಪೊಟ್ಟಣ ಒಂದು ಚೀಲಕ್ಕೆ, ಅದು ನೂರು. ಕೆಲವನ್ನು ಒಂದು ಬದಿ ಉಜ್ಜಿ ಬೆಳ್ಳಗೆ ಮಾಡಿದರೆ ಚೌಕಾಬಾರಕ್ಕೂ ಆಗುತ್ತದೆ. ಚೀಲಗಳನ್ನು ಬಿಗಿ ಮುಚ್ಚಳದ ಡಬ್ಬಿಯಲ್ಲಿ ಹಾಕಿ, ಹುಳ ಹಿಡಿಯದಂತೆ ಒಣ ಬೇವಿನೆಲೆ ಸೇರಿಸಿ, ಜೂನ್‌ನಲ್ಲಿ ಹೊಸದಾಗಿ ಬರುವ ಒಂದನೇ ತರಗತಿಯವರ ಎಣಿಕೆಗೆ ಎತ್ತಿಡಿ.