ಖಾಲಿ ಪಾತ್ರೆ ಹಿಡಿದು ಕೂತಾಗ

ಸುಮಾರು ಹತ್ತು ವರ್ಷ ನಾನು ಒಂದು ನೋಟ್‌ಬುಕ್ ಇಟ್ಟಿದ್ದೆ. ಈ ತಿಂಗಳು ಎಷ್ಟು ಮನೆಗೆ ಹೋಗಿ ಪ್ರಾರ್ಥನೆ ಮಾಡಿದೆ, ಎಷ್ಟು ಜನರಿಗೆ ಸುವಾರ್ತೆ ಹೇಳಿದೆ, ಬೈಬಲಿನ ಎಷ್ಟು ಅಧ್ಯಾಯ ಓದಿದೆ, ಎಲ್ಲದಕ್ಕೂ ಒಂದೊಂದು ಕಾಲಂ. ದೇವರು ನನ್ನನ್ನು ಏನೋ ದೊಡ್ಡದಕ್ಕೆ ಕರೆದಿದ್ದಾನೆ, ಅದನ್ನು ಸಾಧಿಸಿದರೇ ಬದುಕಿಗೆ ಅರ್ಥ ಅಂತ ನಂಬಿದ್ದೆ. ಲೆಕ್ಕ ಜಾಸ್ತಿ ಇದ್ದ ತಿಂಗಳು ಪ್ರಾರ್ಥನೆಗೆ ಧೈರ್ಯ ಇರುತ್ತಿತ್ತು. ಕಡಿಮೆಯಾದ ತಿಂಗಳು ಮೊಣಕಾಲೂರೋದಕ್ಕೇ ಸಂಕೋಚ.

ಒಂದು ದಿನ ನಮ್ಮ ಚರ್ಚ್ ಸಭೆಯ ಹಿರಿಯರೊಬ್ಬರನ್ನು ನೋಡೋಕೆ ಆಸ್ಪತ್ರೆಗೆ ಹೋದೆ. ಕೀರ್ತನೆ 23 ಓದಿದೆ, ಪ್ರಾರ್ಥನೆ ಮಾಡಿದೆ, ಎದ್ದೆ. ಎಲ್ಲಾ ಸೇರಿ ಏಳೆಂಟು ನಿಮಿಷ. ಅವರು ಹಿಡಿದಿದ್ದ ನನ್ನ ಕೈ ಬಿಡಲಿಲ್ಲ. "ಸ್ವಲ್ಪ ಹೊತ್ತು ಸುಮ್ನೆ ಕೂತ್ಕೋ ಮಗಾ" ಅಂದರು. ಕೂತೆ. ಆದರೆ ಕಣ್ಣೆಲ್ಲ ಗೋಡೆ ಗಡಿಯಾರದ ಮೇಲೆ, ಇನ್ನೂ ಎರಡು ಮನೆ ಬಾಕಿ ಇದ್ದವು. ಅವರ ಕೈ ಬಿಸಿಯಾಗಿತ್ತು, ನಡುಗುತ್ತಿತ್ತು, ಅದನ್ನು ಹಿಡಿದುಕೊಂಡು ಕೂರೋಕೂ ನನ್ನಿಂದ ಆಗುತ್ತಿಲ್ಲ. ಬಾಯಲ್ಲಿ ವಾಕ್ಯ ಇತ್ತು. ಒಳಗೆ ಏನೂ ಇರಲಿಲ್ಲ.

ಆ ವಾರ ಬೈಬಲಿನ 2 ಅರಸುಗಳು ಪುಸ್ತಕದ 4ನೇ ಅಧ್ಯಾಯ ಓದುತ್ತಿದ್ದೆ. ಸಾಲ ಕೊಟ್ಟವನು ಬಂದು ಒಬ್ಬ ವಿಧವೆಯ ಇಬ್ಬರು ಮಕ್ಕಳನ್ನು ದಾಸರಾಗಿ ಒಯ್ಯೋದರಲ್ಲಿದ್ದಾನೆ, ಆಕೆಯ ಮನೆಯಲ್ಲಿ ಇರೋದು ಸ್ವಲ್ಪ ಎಣ್ಣೆ. ಪ್ರವಾದಿ ಎಲೀಷ ಆಕೆಗೆ ಏನು ಹೇಳಿದ? ನೆರೆಯವರ ಹತ್ತಿರ ಬರಿದಾದ ಪಾತ್ರೆ ಕೇಳಿ ತಾ, ಕಡಿಮೆ ತರಬೇಡ, ಬಾಗಿಲು ಮುಚ್ಚಿಕೊಂಡು ಹೊಯ್ಯಿ ಅಂತ. ಎಣ್ಣೆ ನಿಂತಿದ್ದು ಪಾತ್ರೆ ಮುಗಿದಾಗ. ಎಷ್ಟೋ ಸಲ ಓದಿದ ಕಥೆ ಇದು, ಆದರೂ ಅವತ್ತು ತಡೆದು ನಿಲ್ಲಿಸಿತು. ನಾನು ಮುಚ್ಚಿಡೋಕೆ ಹೆಣಗಾಡುತ್ತಿದ್ದ ಬರಿದನ್ನು ಆಕೆ ಮನೆಮನೆಗೆ ಹೋಗಿ ಕೇಳಿ ತಂದಳಲ್ಲ!

ಎಫೆಸದವರಿಗೆ ಬರೆದ ಪತ್ರದ 5:18ರಲ್ಲಿ ಪವಿತ್ರಾತ್ಮಭರಿತರಾಗಿರಿ ಅಂತ ಅಪೊಸ್ತಲ ಪೌಲ ಬರೆಯುತ್ತಾನೆ. ಮೂಲ ಗ್ರೀಕಿನಲ್ಲಿ ಆ ಕ್ರಿಯಾಪದ ಕರ್ಮಣಿ ರೂಪದಲ್ಲಿದೆ, ಅದೂ ನಡೆಯುತ್ತಲೇ ಇರೋ ಕ್ರಿಯೆಯಾಗಿ. ದಿನವೂ ತುಂಬಿಸಲ್ಪಡುತ್ತಾ ಇರಿ ಅಂತ. ತುಂಬಿಸೋನು ಬೇರೆಯವನು, ಪಾತ್ರೆ ಹಿಡಿಯೋದು ಮಾತ್ರ ನನ್ನದು.

ಹಾಗಾಗಿ ಬೆಳಿಗ್ಗೆ ಮನೆಯವರು ಏಳೋ ಮುಂಚೆ ಇಪ್ಪತ್ತು ನಿಮಿಷ ಕೂರೋಕೆ ಶುರುಮಾಡಿದೆ. ಫೋನ್ ಬೇರೆ ಕೋಣೆಯಲ್ಲಿ, ಅಂಗೈ ತೆರೆದು ತೊಡೆಯ ಮೇಲೆ. ಮೊದಲು ಏನಿಲ್ಲವೋ ಅದನ್ನು ಹೆಸರಿಟ್ಟು ಹೇಳುತ್ತೇನೆ: ಕರ್ತನೇ, ಇವತ್ತು ತಾಳ್ಮೆ ಇಲ್ಲ, ನನ್ನ ತಮ್ಮನ ಮೇಲೆ ಪ್ರೀತಿ ಇಲ್ಲ, ನಿನ್ನ ಮೇಲೂ ಅಷ್ಟಾಗಿ ಇಲ್ಲ. ಆಮೇಲೆ ಎರಡೋ ಮೂರೋ ವಚನ, ನಿಧಾನವಾಗಿ. ಉಳಿದ ಹೊತ್ತು ಸುಮ್ನೆ ಆತನ ಮುಂದೆ ಇರೋದು. ಮೊದಲ ವಾರಗಳು ಕಷ್ಟ. ತಲೆಯಲ್ಲಿ ಆ ದಿನದ ಕೆಲಸದ ಪಟ್ಟಿ ಓಡುತ್ತಿತ್ತು, ಕೆಲವು ದಿನ ನಿದ್ದೆಯೇ ಬಂತು. ಮೂರು ವಾರ ಆದಮೇಲೆ ನೋಡಿದರೆ ಈ ಇಪ್ಪತ್ತು ನಿಮಿಷಕ್ಕೂ ನೋಟ್‌ಬುಕ್ಕಿನಲ್ಲಿ ಟಿಕ್ ಹಾಕುತ್ತಿದ್ದೆ! ಅವತ್ತು ಅದನ್ನು ಎತ್ತಿಟ್ಟೆ.

ಸೇವೆ ಬಿಟ್ಟಿಲ್ಲ, ಹಾಗಂತ ತಿಳಿಯಬೇಡಿ. ಮಾರ್ಕ 3:14 ನೋಡಿ, ಯೇಸು ಹನ್ನೆರಡು ಮಂದಿ ಶಿಷ್ಯರನ್ನು ನೇಮಿಸಿದ್ದು ಮೊದಲು ತನ್ನ ಸಂಗಡ ಇರೋದಕ್ಕೆ, ಕಳಿಸೋದು ಆಮೇಲೆ. ಎರಡು ಜವಾಬ್ದಾರಿ ಮಾತ್ರ ಬೇರೆಯವರಿಗೆ ಒಪ್ಪಿಸಿದೆ, ಸಭೆಯಲ್ಲಿ ಕೆಲವರಿಗೆ ಬೇಜಾರಾಯಿತು. ಬೆಳಿಗ್ಗೆ ಕೂರದೆ ಹೋದ ವಾರ ಮನೆಯಲ್ಲಿ ನನ್ನ ದನಿ ಏರುತ್ತದೆ, ಅದು ನನಗಿಂತ ಮೊದಲು ಮಕ್ಕಳಿಗೆ ಗೊತ್ತಾಗುತ್ತದೆ.

ಕೆಲವು ತಿಂಗಳಾದ ಮೇಲೆ ಆ ಹಿರಿಯರ ಮನೆಗೆ ಹೋದೆ. ನಿದ್ದೆಯಲ್ಲಿದ್ದರು. ಎಬ್ಬಿಸದೆ ಪಕ್ಕದಲ್ಲಿ ಕೂತೆ, ಎಷ್ಟು ಹೊತ್ತು ಅಂತ ನೋಡಲಿಲ್ಲ. ಎದ್ದಾಗ ನೀರು ಕೇಳಿದರು, ಕೊಟ್ಟೆ. ಮತ್ತೆ ಕೈ ಹಿಡಿದುಕೊಂಡರು.